ಬಿಚ್ಚುವ ಮೊದಲು ನೋಡಬೇಕಾದದ್ದು: ಹಳೆಯ ಡೀಸೆಲ್ ಎಂಜಿನ್‌ನ ದೋಷಪತ್ತೆ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹರಿಯುವ ತುಂಗಭದ್ರೆಯ ದಂಡೆಯಲ್ಲಿ, ಹೊನ್ನಾಳಿಯಿಂದ ಹರಿಹರದವರೆಗಿನ ಗದ್ದೆಗಳಿಗೆ ನದಿಯ ನೀರನ್ನು ಮೇಲೆತ್ತುವ ಕೆಲಸವನ್ನು ಇಂದು ಬಹುಪಾಲು ವಿದ್ಯುತ್ ಮೋಟಾರುಗಳೇ ಮಾಡುತ್ತಿದ್ದರೂ, ಕರೆಂಟ್ ಕೈಕೊಟ್ಟಾಗ ನೆರವಿಗೆ ಬರುವುದು ಹಳೆಯ ಡೀಸೆಲ್ ಪಂಪ್‌ಸೆಟ್. ಭದ್ರಾ ಬಲದಂಡೆ ನಾಲೆಯ ನೀರು ತಡವಾಗಿ ತಲುಪುವ ಮಲೇಬೆನ್ನೂರು ಮತ್ತು ದಾವಣಗೆರೆ ಭಾಗದ ಕೊನೆಯ ಅಚ್ಚುಕಟ್ಟಿನಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಭತ್ತ ಹೊಡೆಗಟ್ಟುವ ಹೊತ್ತಿನಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳಾಗುವುದರಿಂದ, ಅಂಥ ಸಮಯದಲ್ಲಿ ಎಂಜಿನ್ ನಿಂತರೆ ಅದರ ದೋಷವನ್ನು ಬೇಗ ಮತ್ತು ಸರಿಯಾಗಿ ಗುರುತಿಸುವುದು ಇಡೀ ಬೆಳೆಯ ಪ್ರಶ್ನೆಯಾಗುತ್ತದೆ.

ಯಂತ್ರಗಳ ಈ ತಿಳಿವಳಿಕೆ ಈ ಸೀಮೆಗೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ದಾವಣಗೆರೆಯ ಹತ್ತಿ ಗಿರಣಿಗಳು ಕೂಡ ತಲೆಮಾರುಗಳ ಕಾಲ ಫಿಟ್ಟರುಗಳನ್ನೂ ಟರ್ನರುಗಳನ್ನೂ ಬೆಳೆಸಿದವು. ಇದೇ ಕಿರ್ಲೋಸ್ಕರ್ ಮನೆತನ 1946ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಆಯಿಲ್ ಎಂಜಿನ್ಸ್ ಸಂಸ್ಥೆಯ ಐದು ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಎಂಜಿನ್‌ಗಳು ಕರ್ನಾಟಕದ ರೈತರಿಗೆ ಚಿರಪರಿಚಿತವಾದವು.

ದೋಷಪತ್ತೆಯ ಕ್ರಮವನ್ನು ತಿಳಿಯಲು ಮೊದಲು ಡೀಸೆಲ್ ಎಂಜಿನ್‌ನ ಕೆಲಸದ ರೀತಿಯನ್ನು ತಿಳಿಯಬೇಕು. ಪೆಟ್ರೋಲ್ ಎಂಜಿನ್‌ನಲ್ಲಿರುವಂತೆ ಕಿಡಿ ಹಾರಿಸುವ ಪ್ಲಗ್ ಇದರಲ್ಲಿಲ್ಲ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣದಲ್ಲಿ ನಾಜಲ್, ಅಂದರೆ ಅತಿ ಸಣ್ಣ ರಂಧ್ರಗಳುಳ್ಳ ಸಿಂಪಡಣೆಯ ಮೂತಿ, ಡೀಸೆಲನ್ನು ಮಂಜಿನಂತೆ ಸಿಂಪಡಿಸುವುದರಿಂದ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ ಶುರುವಾಗಲು ಬೇಕಾದವು ಮೂರೇ: ಗಾಳಿ, ಸರಿಯಾದ ಹೊತ್ತಿಗೆ ಸರಿಯಾಗಿ ಸಿಂಪಡಣೆಯಾಗುವ ಡೀಸೆಲ್ ಮತ್ತು ಕಂಪ್ರೆಶನ್ ಎಂದು ಮೆಕ್ಯಾನಿಕ್‌ಗಳು ಹೇಳುವ ಒತ್ತಡ. ಶುರುವಾಗದ ಎಂಜಿನ್‌ನಲ್ಲಿ ಈ ಮೂರರಲ್ಲಿ ಯಾವುದು ಕೊರತೆಯಾಗಿದೆ ಎಂದು ಒಂದೊಂದಾಗಿ ಪರೀಕ್ಷಿಸುವುದೇ ದೋಷಪತ್ತೆಯ ತಿರುಳು.

ಈ ಪರೀಕ್ಷೆ ಖರ್ಚಿಲ್ಲದ್ದರಿಂದ ಆರಂಭವಾಗಿ ಖರ್ಚಿನದರ ಕಡೆಗೆ ಸಾಗಬೇಕು. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ತಳದಲ್ಲಿ ನೀರು ಅಥವಾ ಕಸ ನಿಂತಿದೆಯೇ, ಫಿಲ್ಟರ್ ಕಟ್ಟಿಕೊಂಡಿದೆಯೇ ಎಂಬುದನ್ನು ಮೊದಲು ನೋಡಬೇಕು. ಡೀಸೆಲ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿಸಿದ್ದರೆ, ಅಥವಾ ಪೈಪಿನ ಜೋಡಣೆ ಸಡಿಲವಾಗಿದ್ದರೆ, ಎಂಜಿನ್ 'ಗಾಳಿ ಹಿಡಿಯುತ್ತದೆ'. ಪೈಪಿನಲ್ಲಿ ಸೇರಿದ ಗಾಳಿಯ ಗುಳ್ಳೆ ಒತ್ತಡಕ್ಕೆ ಕುಗ್ಗಿಬಿಡುವುದರಿಂದ ಡೀಸೆಲ್ ನಾಜಲನ್ನು ದಾಟುವುದಿಲ್ಲ. ಇದಕ್ಕೆ ಪರಿಹಾರವಾಗಿ ಫಿಲ್ಟರಿನ ಮೇಲಿನ ಗಾಳಿ ತೆಗೆಯುವ ತಿರುಪನ್ನು, ಅನಂತರ ಡೀಸೆಲ್ ಪಂಪಿನ ಮೇಲಿನದನ್ನು ಸಡಿಲಿಸಿ, ನೊರೆನೊರೆಯಾಗಿ ಬರುವ ಡೀಸೆಲ್ ಗುಳ್ಳೆಯಿಲ್ಲದ ಧಾರೆಯಾಗುವವರೆಗೆ ಹರಿಯಬಿಟ್ಟು, ಧಾರೆ ಹರಿಯುತ್ತಿರುವಾಗಲೇ ತಿರುಪನ್ನು ಬಿಗಿಮಾಡಬೇಕು. ಬಳಿಕ ಹ್ಯಾಂಡಲ್ ತಿರುಗಿಸಿದಾಗ ಪ್ರತಿ ಸಿಂಪಡಣೆಗೂ ನಾಜಲ್‌ನಿಂದ 'ಕಿರ್' ಎಂಬ ಚಿಕ್ಕ ಸದ್ದು ಕೇಳಿಸಿದರೆ ಡೀಸೆಲ್ ಸಿಲಿಂಡರನ್ನು ತಲುಪುತ್ತಿದೆ ಎಂದು ತಿಳಿಯಬಹುದು. ನಾಜಲನ್ನು ಹೊರತೆಗೆದು ಸಿಂಪಡಣೆಯನ್ನು ನೋಡುವವರು ಅದರ ಮುಂದೆ ಕೈ ಹಿಡಿಯಲೇಬಾರದು. ವಾಯುಮಂಡಲದ ಇನ್ನೂರು ಪಟ್ಟಿನಷ್ಟು ಒತ್ತಡದಲ್ಲಿ ಹೊಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ.

ಡೀಸೆಲ್ ಸರಿಯಾಗಿ ಬರುತ್ತಿದ್ದೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಕಂಪ್ರೆಶನ್ ಪರೀಕ್ಷಿಸಬೇಕು. ವಾಲ್ವನ್ನು ತೆರೆದಿಟ್ಟು ತಿರುಗಿಸುವುದನ್ನು ಹಗುರಗೊಳಿಸುವ ಡಿಕಂಪ್ರೆಶನ್ ಲಿವರನ್ನು ಬಿಟ್ಟು ನಿಧಾನವಾಗಿ ಹ್ಯಾಂಡಲ್ ತಿರುಗಿಸಿದಾಗ, ಒಂದು ಹಂತದಲ್ಲಿ ಕೈಗೆ ಗಟ್ಟಿಯಾದ ಎದುರೊತ್ತು ಸಿಗಬೇಕು. ಅದು ಸಿಗದೆ ಫ್ಲೈವೀಲ್ ಸಲೀಸಾಗಿ ಉರುಳಿದರೆ ಒತ್ತಡ ಎಲ್ಲಿಂದಲೋ ಸೋರುತ್ತಿದೆ ಎಂದರ್ಥ. ಸೈಲೆನ್ಸರಿನಲ್ಲಿ 'ಸುಸ್' ಎಂದರೆ ಹೊಗೆ ಹೊರಹೋಗುವ ವಾಲ್ವ್, ಗಾಳಿ ಒಳಬರುವ ಕೊಳವೆಯಲ್ಲಿ ಕೇಳಿಸಿದರೆ ಒಳವಾಲ್ವ್, ಎಣ್ಣೆ ಹಾಕುವ ಬಾಯಿಯಲ್ಲಿ ಕೇಳಿಸಿದರೆ ಸವೆದ ರಿಂಗ್ ಮತ್ತು ಲೈನರ್ ಕಾರಣವಾಗಿರುತ್ತವೆ. ವಾಲ್ವಿನ ಸಂದು ತೀರ ಬಿಗಿಯಾಗಿರುವುದಷ್ಟೇ ಕಾರಣವಾಗಿದ್ದರೆ ಟ್ಯಾಪೆಟ್ ಹೊಂದಿಸುವುದರಲ್ಲಿಯೇ ಕೆಲಸ ಮುಗಿಯುತ್ತದೆ. ಎಂಜಿನ್ ಬಿಚ್ಚುವ ಅಗತ್ಯವೇ ಬರುವುದಿಲ್ಲ.

ಓಡುತ್ತಿರುವ ಎಂಜಿನ್‌ನ ಆರೋಗ್ಯವನ್ನು ಅದರ ಹೊಗೆಯಿಂದ ತಿಳಿಯಬಹುದು. ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ಣವಾಗಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಹೊರೆ ಅತಿಯಾಗಿರಬಹುದು, ಇಲ್ಲವೇ ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ, ಅಂದರೆ ರಿಂಗ್, ಲೈನರ್ ಅಥವಾ ವಾಲ್ವ್ ಗೈಡ್ ಸವೆದಿರುವುದರ ಲಕ್ಷಣ. ಬಿಳಿ ಹೊಗೆಗೆ ಎರಡು ಕಾರಣಗಳಿವೆ: ಕಣ್ಣುರಿಸುವ, ಡೀಸೆಲ್ ವಾಸನೆಯ ಹೊಗೆಯಾದರೆ ಅದು ಉರಿಯದೆ ಉಳಿದ ಇಂಧನ; ಗಾಳಿಯಲ್ಲಿ ಬೇಗನೆ ಕರಗಿಹೋಗುವ ಆವಿಯಾದರೆ ಹೆಡ್ ಗ್ಯಾಸ್ಕೆಟ್ ಒಡೆದು ಅಥವಾ ಹೆಡ್ ಸೀಳಿ ಸಿಲಿಂಡರಿಗೆ ನೀರು ಇಳಿಯುತ್ತಿದೆ. ಆಯಿಲ್ ಕಡ್ಡಿಯ ಮೇಲೆ ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ಎಣ್ಣೆಗೆ ನೀರು ಬೆರೆತಿದೆ ಎಂದು ತಿಳಿದು, ಎಂಜಿನನ್ನು ಓಡಿಸದೆ ನಿಲ್ಲಿಸಬೇಕು.

ಎಂಜಿನ್ ಚೆನ್ನಾಗಿ ಓಡಿಯೂ ನೀರು ಬಾರದಿದ್ದರೆ ದೋಷ ಪಂಪಿನ ಕಡೆಗಿದೆ. ಹೀರುಪೈಪಿನ ತುದಿಯ ಫುಟ್ ವಾಲ್ವಿಗೆ ಕಸ ಸಿಕ್ಕಿದರೆ ಪೈಪಿನಲ್ಲಿ ನೀರು ನಿಲ್ಲುವುದಿಲ್ಲ. ನೀರನ್ನು ಹೀರುಪೈಪಿನೊಳಗೆ ಮೇಲಕ್ಕೆ ತಳ್ಳುವುದು ವಾಯುಮಂಡಲದ ಒತ್ತಡವಾದ್ದರಿಂದ ಸಮುದ್ರಮಟ್ಟದಲ್ಲಿ ಸಹ ಲೆಕ್ಕಕ್ಕೆ ಸಿಗುವ ಗರಿಷ್ಠ ಎತ್ತರ 10.3 ಮೀಟರ್, ಬಳಕೆಯಲ್ಲಿ ಸಿಗುವುದು ಆರೇಳು ಮೀಟರ್ ಮಾತ್ರ. ಬೇಸಿಗೆಯಲ್ಲಿ ನದಿ ತಗ್ಗಿದಾಗ ಪಂಪ್‌ಸೆಟ್ಟನ್ನು ಕೆಳಗಿಳಿಸದೆ ಎಂಜಿನನ್ನು ದೂರುವುದು ವ್ಯರ್ಥ. ಅನೇಕ ಪಂಪ್‌ಸೆಟ್‌ಗಳಲ್ಲಿ ಎಂಜಿನನ್ನು ತಣಿಸುವ ನೀರೂ ಪಂಪಿನಿಂದಲೇ ಬರುವುದರಿಂದ, ಪಂಪು ನೀರೆತ್ತುವುದನ್ನು ನಿಲ್ಲಿಸಿದ ಕೂಡಲೇ ಎಂಜಿನ್ ಕಾಯತೊಡಗುತ್ತದೆ. ಹಾಗೆ ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಅದು ತಾನಾಗಿ ಆರುವವರೆಗೆ ಕಾಯಬೇಕು.

ನದಿಯಲ್ಲಿ ಓಡುವ ಮೋಟಾರು ದೋಣಿಗಳಿಗೂ ಇದೇ ತರ್ಕ ಸಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿದಾಗ ಹರಿಹರ, ಹೊನ್ನಾಳಿಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಅಂಥ ನೆರೆಯಲ್ಲಿ ಬಳಸುವ ರಕ್ಷಣಾ ದೋಣಿಗಳ ಹಿಂಬದಿಗೆ ಕಟ್ಟುವ ಎಂಜಿನ್‌ಗಳು ಬಹುತೇಕ ಪೆಟ್ರೋಲಿನವು. ಅವುಗಳಲ್ಲಿ ಗಾಳಿ, ಇಂಧನ, ಕಂಪ್ರೆಶನ್‌ಗಳ ಜೊತೆಗೆ ಪ್ಲಗ್ಗಿನ ಕಿಡಿಯನ್ನೂ ಪರೀಕ್ಷಿಸಬೇಕು. ಅವು ನದಿಯ ನೀರನ್ನೇ ಹೀರಿ ತಣಿಯುವುದರಿಂದ, ಕೆಸರು ಮತ್ತು ಜೊಂಡು ನೀರಿನ ದಾರಿಯನ್ನು ಮುಚ್ಚುತ್ತವೆ. ಎಂಜಿನ್‌ನ ಬದಿಯಿಂದ ಚಿಮ್ಮುವ ಸಣ್ಣ ನೀರಿನ ಧಾರೆ ನಿಂತಿದೆಯೆಂದರೆ ತಕ್ಷಣ ಎಂಜಿನ್ ಆರಿಸಬೇಕು. ತಿಂಗಳುಗಟ್ಟಲೆ ಮೂಲೆ ಸೇರುವ ಇಂಥ ಎಂಜಿನ್‌ಗಳಲ್ಲಿ ಹಳಸಿದ ಪೆಟ್ರೋಲ್ ಕಾರ್ಬೊರೇಟರಿನ ರಂಧ್ರಗಳನ್ನು ಕಟ್ಟುವುದು ಸಾಮಾನ್ಯವಾದ್ದರಿಂದ, ಮಳೆಗಾಲಕ್ಕೆ ಮುಂಚೆಯೇ ಅವುಗಳನ್ನು ಓಡಿಸಿ ನೋಡುವುದು ಜೀವ ಉಳಿಸುವ ಕೆಲಸ.

ರಿಂಗು, ಲೈನರು ನಿಜವಾಗಿಯೂ ಸವೆದಿದ್ದರೆ ಬಿಚ್ಚಲೇಬೇಕು, ಅದು ನುರಿತ ಕೈಗಳ ಕೆಲಸ. ಆದರೆ ಫಿಲ್ಟರ್, ಪೈಪು, ಟ್ಯಾಪೆಟ್, ಫುಟ್ ವಾಲ್ವ್‌ಗಳಲ್ಲಿಯೇ ಮುಗಿಯಬಹುದಾದ ದೋಷಕ್ಕೆ ಹೆಡ್ ಇಳಿಸುವುದರಿಂದ ಹಣವೂ ಹದವೂ ಎರಡೂ ಹೋಗುತ್ತವೆ. ಹಳೆಯ ಎಂಜಿನ್ ಇರುವ ಪ್ರತಿಯೊಬ್ಬ ರೈತರೂ ಹಂಗಾಮು ಆರಂಭವಾಗುವ ಮೊದಲೇ ಒಮ್ಮೆ ಡೀಸೆಲ್ ಫಿಲ್ಟರ್ ಬದಲಾಯಿಸಿ, ಆಯಿಲ್ ನೋಡಿ, ಗಾಳಿ ತೆಗೆಯುವುದನ್ನು ಮನೆಯ ಮಕ್ಕಳಿಗೂ ಕಲಿಸಿಕೊಡಬೇಕು.