ಡಬಲ್ ಶಾಕ್ ಸೈಕಲ್: ಕೊಳ್ಳುವ ಮುನ್ನ ತಿಳಿಯಬೇಕಾದದ್ದು, ಕೊಂಡ ನಂತರ ಮಾಡಬೇಕಾದದ್ದು

(ನಮ್ಮ ವರದಿಗಾರರಿಂದ)

ಹುಣಸೂರು: ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ಹೊಗೆಸೊಪ್ಪು ಮಾರಾಟವಾಗಿ ಕೈಗೆ ನಾಲ್ಕು ಕಾಸು ಬಂದ ದಿನಗಳಲ್ಲಿ ಬೆಳೆಗಾರರ ಮನೆಗಳಲ್ಲಿ ಮಕ್ಕಳ ಬೇಡಿಕೆಗಳೂ ಗರಿಗೆದರುತ್ತವೆ. ಹೈಸ್ಕೂಲು ಮೆಟ್ಟಿಲೇರಿದ ಹುಡುಗನ ಬೇಡಿಕೆ ಬಹುಮಟ್ಟಿಗೆ ಒಂದೇ: ಮುಂದೆಯೂ ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ, ದಪ್ಪ ಟೈರಿನ ಗೇರ್ ಸೈಕಲ್. ಅಂಗಡಿಯವರ ಭಾಷೆಯಲ್ಲಿ ಅದು 'ಡಬಲ್ ಶಾಕ್'. ತಾಂತ್ರಿಕ ಹೆಸರು ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್.

ಆದರೆ ಈ ಹೆಸರಿನಡಿ ಎರಡು ಬೇರೆ ಬೇರೆ ಸೈಕಲ್‌ಗಳಿವೆ. ಒಂದು, ಕೆಲವು ಸಾವಿರ ರೂಪಾಯಿಗೆ ತಾಲೂಕು ಕೇಂದ್ರದ ಅಂಗಡಿಯಲ್ಲೇ ದೊರಕುವಂಥದ್ದು. ಇನ್ನೊಂದು, ಲಕ್ಷ ರೂಪಾಯಿ ದಾಟುವ, ಮೈಸೂರು ಬೆಂಗಳೂರುಗಳಲ್ಲಿ ಹವ್ಯಾಸಿಗಳು ಬಳಸಿ ಕೈ ಬದಲಾದ ಮೇಲೆ ನಮ್ಮ ಕಡೆಗೂ ಬರುವಂಥದ್ದು. ನೋಟಕ್ಕೆ ಎರಡೂ ಅಣ್ಣತಮ್ಮಂದಿರಂತಿದ್ದರೂ ಒಳಗಿನ ಯಂತ್ರ ಬೇರೆ, ಆರೈಕೆ ಬೇರೆ. ಈ ವ್ಯತ್ಯಾಸ ತಿಳಿಯದೆ ಹಣ ಕಳೆದುಕೊಳ್ಳುವುದು ಒಂದು ನಷ್ಟ. ಇಳಿಜಾರಿನಲ್ಲಿ ಬ್ರೇಕು ಕೈಕೊಡುವುದು ಅಥವಾ ಫ್ರೇಮು ತುಂಡಾಗುವುದು ಅದಕ್ಕಿಂತ ದೊಡ್ಡ ಅಪಾಯ.

ಸರ್ಕಾರಿ ಸೈಕಲ್‌ನಿಂದ ಶಾಕ್ ಸೈಕಲ್‌ವರೆಗೆ

ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭಿಸಿದ ಮೇಲೆ ಹಳ್ಳಿಯ ಮಕ್ಕಳು ಶಾಲೆಗೆ ಹೋಗುವ ರೀತಿಯೇ ಬದಲಾಯಿತು. ಕೋವಿಡ್ ಕಾಲದಲ್ಲಿ, 2020-21ರಲ್ಲಿ, ವಿತರಣೆ ನಿಂತಿತು. ಆ ಸೈಕಲ್‌ಗಳಿಗೆ ಶಾಕ್ ಇರಲಿಲ್ಲ, ಗೇರ್ ಇರಲಿಲ್ಲ. ಕೆಟ್ಟರೆ ಊರಿನ ಪಂಚರ್ ಅಂಗಡಿಯಲ್ಲೇ ಸರಿಯಾಗುತ್ತಿತ್ತು. ಅದೇ ಅವುಗಳ ದೊಡ್ಡ ಗುಣ. ಅದಕ್ಕೂ ಮೊದಲು, 1990ರ ದಶಕದಲ್ಲಿ, ನೇರ ಹಿಡಿಕೆಯ ದಪ್ಪ ಟೈರಿನ ಸೈಕಲ್‌ಗಳು ಬಂದಾಗ ನಮ್ಮ ಜನ ಅವನ್ನು 'ರೇಂಜರ್ ಸೈಕಲ್' ಎಂದರು. ಒಂದು ಕಂಪನಿಯ ಮಾದರಿಯ ಹೆಸರು ಇಡೀ ಜಾತಿಗೇ ಅಂಟಿಕೊಂಡಿತು.

ಮೌಂಟನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. ಅಲ್ಲಿನ ಯುವಕರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. ಕೊಲೊರಾಡೊದ ಡುರಾಂಗೊದಲ್ಲಿ 1990ರಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಇಳಿಜಾರು ಸ್ಪರ್ಧೆ ಗೆದ್ದ ಗ್ರೆಗ್ ಹರ್ಬೋಲ್ಡ್ ಅವರ ಸೈಕಲ್‌ನ ಮುಂಭಾಗಕ್ಕೆ ಶಾಕ್ ಫೋರ್ಕ್ ಇತ್ತು. ಅಲ್ಲಿಂದ ಮುಂದೆ ಶಾಕ್ ಇಲ್ಲದ ಸ್ಪರ್ಧಾ ಸೈಕಲ್ ಅಪರೂಪವಾಗುತ್ತ ಹೋಯಿತು. ಹಿಂಚಕ್ರಕ್ಕೂ ಶಾಕ್ ಅಳವಡಿಸುವ ಪ್ರಯೋಗಗಳು ಅದೇ ದಶಕದಲ್ಲಿ ಭರದಿಂದ ನಡೆದವು.

ಸ್ಪ್ರಿಂಗ್ ಒಂದೇ ಸಾಲದು

ಶಾಕ್ ಅಬ್ಸಾರ್ಬರ್ ಎಂದೊಡನೆ ಕಣ್ಣಿಗೆ ಬೀಳುವುದು ಸ್ಪ್ರಿಂಗ್. ಆದರೆ ಸ್ಪ್ರಿಂಗ್ ಮಾಡುವುದು ಅರ್ಧ ಕೆಲಸ ಮಾತ್ರ. ಗುಂಡಿಗೆ ಚಕ್ರ ಬಡಿದಾಗ ಆ ಪೆಟ್ಟಿನ ಶಕ್ತಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮರುಕ್ಷಣವೇ ಅಷ್ಟನ್ನೂ ಹಿಂದಕ್ಕೆ ಕೊಡುತ್ತದೆ. ಸವಾರ ಕುದುರೆಯ ಮೇಲೆ ಕುಳಿತವನಂತೆ ಎಗರಿ ಬೀಳುತ್ತಾನೆ.

ಉಳಿದರ್ಧ ಕೆಲಸ ಡ್ಯಾಂಪರ್‌ನದು. ಅದೊಂದು ಎಣ್ಣೆ ತುಂಬಿದ ಕೊಳವೆ. ಸಣ್ಣ ರಂಧ್ರಗಳ ಮೂಲಕ ಎಣ್ಣೆ ಹಾದುಹೋಗುವಾಗ ಚಲನೆಗೆ ತಡೆ ಉಂಟಾಗಿ, ಪೆಟ್ಟಿನ ಶಕ್ತಿ ಬಿಸಿಯಾಗಿ ಕರಗುತ್ತದೆ. ಬ್ಯಾಂಕಿನ ಗಾಜಿನ ಬಾಗಿಲನ್ನು ಧಡಾರನೆ ಬಡಿಯಗೊಡದೆ ಮೆಲ್ಲನೆ ಮುಚ್ಚುವ ಡೋರ್ ಕ್ಲೋಸರ್‌ನಲ್ಲಿ ನಡೆಯುವುದೂ ಇದೇ. ಮೋಟಾರ್ ಸೈಕಲ್‌ಗಳ ಶಾಕ್‌ನಲ್ಲಿ ಸ್ಪ್ರಿಂಗ್ ಮತ್ತು ಎಣ್ಣೆ ಎರಡೂ ಇರುತ್ತವೆ.

ಅಗ್ಗದ ಡಬಲ್ ಶಾಕ್ ಸೈಕಲ್‌ಗಳ ಹಿಂದಿನ ಶಾಕ್‌ನಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಮಾತ್ರ ಇರುತ್ತದೆ. ಪೆಡಲ್ ತುಳಿದಾಗಲೆಲ್ಲ ಹಿಂಭಾಗ ಏಳುತ್ತ ಬೀಳುತ್ತ ಸವಾರನ ಶ್ರಮದ ಒಂದು ಪಾಲು ಅಲ್ಲೇ ಪೋಲಾಗುತ್ತದೆ. ಉಕ್ಕಿನ ಫ್ರೇಮಿನ ಇಂಥ ಸೈಕಲ್ 18 ಕಿ.ಗ್ರಾಂ. ಆಸುಪಾಸು ತೂಗುವುದರಿಂದ ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆಯ ಏರಿಳಿತದ ರಸ್ತೆಗಳಲ್ಲಿ ಕಾಲು ಬೇಗ ಸೋಲುತ್ತದೆ. ದಿನನಿತ್ಯ ಡಾಂಬರು ರಸ್ತೆಯಲ್ಲಿ ಶಾಲೆಗೆ ಹೋಗುವ ಮಗುವಿಗೆ ಇದೇ ಬೆಲೆಯಲ್ಲಿ ಸಿಗುವ ಶಾಕ್ ಇಲ್ಲದ ಅಥವಾ ಮುಂದೆ ಮಾತ್ರ ಶಾಕ್ ಇರುವ ಸೈಕಲ್ ಹೆಚ್ಚು ಉಪಯುಕ್ತ. ಅದೇ ಹಣದಲ್ಲಿ ಉತ್ತಮ ಬ್ರೇಕು, ಉತ್ತಮ ಚಕ್ರ ದೊರೆಯುತ್ತವೆ.

ತೂಕದ ಲೆಕ್ಕ

ದುಬಾರಿ ಸೈಕಲ್‌ಗಳಲ್ಲಿ ಬಹುಪಾಲು ಉಕ್ಕಿನ ಸ್ಪ್ರಿಂಗ್ ಬದಲು ಒತ್ತಿದ ಗಾಳಿಯೇ ಸ್ಪ್ರಿಂಗ್ ಆಗಿರುತ್ತದೆ. ಹಿಂದಿನ ಶಾಕ್ ಚಲಿಸುವುದು 50 ಮಿ.ಮೀ. ಆದರೆ ಚಕ್ರ ಚಲಿಸುವುದು 125 ಮಿ.ಮೀ. ಎಂದಿಟ್ಟುಕೊಳ್ಳೋಣ. ಅಂದರೆ ಎರಡೂವರೆ ಪಟ್ಟು. ಸನ್ನೆಗೋಲಿನ ನಿಯಮದಂತೆ ಚಕ್ರದ ಮೇಲೆ ಬೀಳುವ ಭಾರವೂ ಶಾಕ್‌ನ ಮೇಲೆ ಎರಡೂವರೆ ಪಟ್ಟಾಗುತ್ತದೆ. 70 ಕಿ.ಗ್ರಾಂ. ತೂಕದ ಸವಾರನ ಭಾರದಲ್ಲಿ ಶೇ 60ರಷ್ಟು, ಅಂದರೆ 42 ಕಿ.ಗ್ರಾಂ. ಹಿಂದಕ್ಕೆ ಬಿದ್ದರೂ ಶಾಕ್ ಹೊರುವುದು 105 ಕಿ.ಗ್ರಾಂ. ಇದರಿಂದಲೇ ಅದರಲ್ಲಿ ಟೈರಿಗಿಂತ ಹಲವು ಪಟ್ಟು ಹೆಚ್ಚು, ಕೆಲವೊಮ್ಮೆ 200 ಪಿಎಸ್‌ಐ ಮೀರಿದ ಒತ್ತಡ ಬೇಕಾಗುತ್ತದೆ. ಪಂಚರ್ ಅಂಗಡಿಯ ಕಂಪ್ರೆಸರ್ ಈ ಕೆಲಸಕ್ಕೆ ಸಲ್ಲದು. ಶಾಕ್ ಪಂಪ್ ಎಂಬ ಪ್ರತ್ಯೇಕ ಕೈಪಂಪೇ ಬೇಕು.

ಒತ್ತಡ ಎಷ್ಟಿರಬೇಕೆಂಬುದನ್ನು ಸವಾರನ ತೂಕ ನಿರ್ಧರಿಸುತ್ತದೆ. ಸವಾರ ಎಂದಿನ ಉಡುಪಿನಲ್ಲಿ, ಚೀಲ ಹೊತ್ತು, ಸೈಕಲ್ ಮೇಲೆ ಕುಳಿತಾಗ ಶಾಕ್ ತುಸು ಕುಗ್ಗಬೇಕು. ಇದಕ್ಕೆ 'ಸ್ಯಾಗ್' ಎನ್ನುತ್ತಾರೆ. ಹಿಂದಿನ ಶಾಕ್‌ಗೆ ಇದು ಒಟ್ಟು ಚಲನೆಯ ಶೇ 25ರಿಂದ 30, ಮುಂದಿನ ಫೋರ್ಕ್‌ಗೆ ಶೇ 15ರಿಂದ 20 ಇರುವುದು ವಾಡಿಕೆ. 50 ಮಿ.ಮೀ. ಚಲಿಸುವ ಶಾಕ್ 13ರಿಂದ 15 ಮಿ.ಮೀ. ಕುಗ್ಗಿದರೆ ಸರಿ. ಶಾಕ್‌ನ ದಂಡದ ಮೇಲಿರುವ ಸಣ್ಣ ರಬ್ಬರ್ ಉಂಗುರವನ್ನು ಮೇಲಕ್ಕೆ ಸರಿಸಿ, ಗೋಡೆ ಹಿಡಿದು ಮೆಲ್ಲನೆ ಕುಳಿತು, ಕುಲುಕದೆ ಇಳಿದರೆ ಉಂಗುರ ನಿಂತ ಜಾಗವೇ ಉತ್ತರ ಹೇಳುತ್ತದೆ. ಸ್ಕೇಲ್ ಇಟ್ಟು ಅಳೆಯಬೇಕು, ಅಷ್ಟೇ. ಅಣ್ಣನಿಗೆ ಹೊಂದಿಸಿದ ಸೈಕಲ್ ತಮ್ಮನಿಗೆ ಹೊಂದದು ಎಂಬುದನ್ನೂ ಇದರಿಂದ ಅರಿಯಬಹುದು.

ಕುಗ್ಗಿದ ಶಾಕ್ ಎಷ್ಟು ಬೇಗ ಮರಳಬೇಕೆಂಬುದನ್ನು 'ರಿಬೌಂಡ್' ತಿರುಪು ನಿಯಂತ್ರಿಸುತ್ತದೆ. ಅತಿ ವೇಗವಾದರೆ ಸೈಕಲ್ ಎಗರುತ್ತದೆ. ಅತಿ ನಿಧಾನವಾದರೆ ಸಾಲು ಗುಂಡಿಗಳಲ್ಲಿ ಶಾಕ್ ಮೇಲೇಳುವ ಮೊದಲೇ ಮತ್ತೆ ಒತ್ತಲ್ಪಟ್ಟು ಕೊನೆಗೆ ಕುಗ್ಗಿಯೇ ಉಳಿಯುತ್ತದೆ.

ಕೆಂಪು ಮಣ್ಣು, ಕೆಸರು ಮತ್ತು ನೀರು

ಹುಣಸೂರು, ಪಿರಿಯಾಪಟ್ಟಣದ ಮರಳು ಮಿಶ್ರಿತ ಕೆಂಪು ಮಣ್ಣು ಬೇಸಿಗೆಯಲ್ಲಿ ನುಣ್ಣನೆಯ ದೂಳಾಗುತ್ತದೆ. ಕೆ.ಆರ್.ನಗರದ ಗದ್ದೆ ಬಯಲಿನ ನಾಲಾ ಏರಿಗಳಲ್ಲಿ ಮಳೆಗಾಲದ ಕೆಸರು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಶಾಕ್‌ನ ಹೊಳೆಯುವ ದಂಡದ ಮೇಲೆ ಈ ದೂಳು ಕುಳಿತು, ದಂಡ ಒಳಹೋಗುವಾಗ ಅದರೊಂದಿಗೇ ಸೀಲ್‌ನೊಳಕ್ಕೆ ಸಾಗಿದರೆ ಉಪ್ಪುಕಾಗದದಂತೆ ಉಜ್ಜುತ್ತದೆ. ದಂಡದ ಮೇಲೆ ಗೀರು ಬಿದ್ದರೆ ಎಣ್ಣೆ, ಗಾಳಿ ಎರಡೂ ಸೋರಲಾರಂಭಿಸುತ್ತವೆ. ಆ ಬಿಡಿಭಾಗದ ಬೆಲೆಯೇ ಒಂದು ಸಾಧಾರಣ ಸೈಕಲ್‌ನ ಬೆಲೆಗೆ ಸಮನಾಗಬಹುದು.

ಇದಕ್ಕಿರುವ ಮದ್ದು ಒಂದು ಹಳೆಯ ಬನಿಯನ್ ತುಂಡು. ಪ್ರತಿ ಸವಾರಿಯ ನಂತರ ದಂಡಗಳನ್ನು ಅದರಿಂದ ಒರೆಸುವುದು ಎರಡು ನಿಮಿಷದ ಕೆಲಸ. ಕೆಸರಾಗಿದ್ದರೆ ಬಕೆಟ್ ನೀರು, ಮೆತ್ತನೆಯ ಬ್ರಷ್ ಸಾಕು. ಬೈಕ್ ತೊಳೆಯುವ ವಾಟರ್ ಸರ್ವಿಸ್‌ಗೆ ಒಯ್ಯಲೇಬಾರದು. ಅಲ್ಲಿನ ರಭಸದ ನೀರು ಸೀಲ್‌ಗಳನ್ನೂ ಬೇರಿಂಗ್‌ಗಳನ್ನೂ ದಾಟಿ ಒಳನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಸೀಮೆಎಣ್ಣೆ, ವೇಸ್ಟ್ ಆಯಿಲ್‌ಗಳನ್ನು ಶಾಕ್‌ಗೆ ಹಚ್ಚುವುದೂ ಸಲ್ಲದು. ವೇಸ್ಟ್ ಆಯಿಲ್ ಚೈನಿಗೂ ಒಳ್ಳೆಯದಲ್ಲ, ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ವಾರಕ್ಕೊಮ್ಮೆ ಮೂರು ಪರೀಕ್ಷೆ

ಮೊದಲನೆಯದು, ಮುಂದಿನ ಬ್ರೇಕ್ ಬಿಗಿಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸುವುದು. ಟಕಟಕ ಎಂದರೆ ಹ್ಯಾಂಡಲ್‌ನ ಬೇರಿಂಗ್ ಅಥವಾ ಫೋರ್ಕ್ ಸಡಿಲವಾಗಿದೆ ಎಂದರ್ಥ. ಎರಡನೆಯದು, ಸೀಟಿನ ಕೆಳಗೆ ಫ್ರೇಮನ್ನು ಒಂದು ಕೈಯಲ್ಲಿ ಹಿಡಿದು ಹಿಂಚಕ್ರವನ್ನು ಪಕ್ಕಕ್ಕೆ ಎಳೆಯುವುದು. ಹಿಂಭಾಗ ಫ್ರೇಮಿಗೆ ಸೇರುವ ಕೀಲಿನಲ್ಲಿ ಆಟ ಕಂಡರೆ ಬುಷ್ ಅಥವಾ ಬೇರಿಂಗ್ ಸವೆದಿದೆ. ಅಗ್ಗದ ಸೈಕಲ್‌ಗಳ ಪ್ಲಾಸ್ಟಿಕ್ ಬುಷ್‌ಗಳು ಬೇಗ ಸವೆಯುತ್ತವೆ. ಬೋಲ್ಟ್ ಬಿಗಿ ಮಾಡಿದ ಮಾತ್ರಕ್ಕೆ ಸವೆದ ಬುಷ್ ಸರಿಹೋಗದು, ಬದಲಿಸಲೇಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕೀಲುಗಳ ಸುತ್ತ, ಹ್ಯಾಂಡಲ್ ಕೆಳಗಿನ ಬೆಸುಗೆಯ ಸುತ್ತ ಬಣ್ಣದಲ್ಲಿ ಕೂದಲೆಳೆಯ ಬಿರುಕು ಅಥವಾ ತುಕ್ಕಿನ ಗೆರೆ ಇದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಇದ್ದರೆ ಆ ಸೈಕಲ್ ಹತ್ತಬಾರದು. ಅಲ್ಯೂಮಿನಿಯಂ ಫ್ರೇಮಿನ ಬಿರುಕನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಯಿಸುವುದು ಅಪಾಯಕರ. ಕಾಯಿಸಿ ಗಟ್ಟಿಗೊಳಿಸಿದ ಆ ಲೋಹ ಬೆಸುಗೆಯ ಬಿಸಿಗೆ ತನ್ನ ಬಲ ಕಳೆದುಕೊಂಡು ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ.

ಇವುಗಳ ಜೊತೆಗೆ ಚೈನನ್ನೂ ತಿಂಗಳಿಗೊಮ್ಮೆ ಅಳೆಯಬೇಕು. ಚೈನಿನ 24 ಕೊಂಡಿಗಳ ಉದ್ದ ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಬದಲಿಸುವ ಕಾಲ ಬಂದಿದೆ. ತಡಮಾಡಿದರೆ ಹಲ್ಲುಚಕ್ರಗಳೂ ಸವೆದು ಖರ್ಚು ಹಲವು ಪಟ್ಟಾಗುತ್ತದೆ.

ಬ್ರೇಕ್ ಎಣ್ಣೆಯಲ್ಲಿ ಎಚ್ಚರ

ಡಿಸ್ಕ್ ಬ್ರೇಕ್‌ಗಳಲ್ಲಿ ತಂತಿಯಿಂದ ಎಳೆಯುವುದು ಒಂದು ಬಗೆ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವುದು ಇನ್ನೊಂದು. ಎಣ್ಣೆಯ ಬ್ರೇಕ್‌ಗಳಲ್ಲೂ ಎರಡು ಪಂಗಡ. ಕೆಲವು ತಯಾರಕರು ಡಾಟ್ ಎಂಬ ದ್ರವ ಬಳಸುತ್ತಾರೆ. ಶಿಮಾನೊದಂಥವರು ಮಿನರಲ್ ಆಯಿಲ್ ಬಳಸುತ್ತಾರೆ. ಮೋಟಾರ್ ಸೈಕಲ್ ಗ್ಯಾರೇಜಿನಲ್ಲಿರುವುದು ಡಾಟ್ ದ್ರವ. ಅದನ್ನು ಮಿನರಲ್ ಆಯಿಲ್ ಬ್ರೇಕಿಗೆ ತುಂಬಿದರೆ ಒಳಗಿನ ರಬ್ಬರ್ ಹಾಳಾಗಿ ಬ್ರೇಕ್ ವಿಫಲವಾಗುತ್ತದೆ. ಯಾವ ಎಣ್ಣೆ ಎಂಬುದನ್ನು ಸಾಮಾನ್ಯವಾಗಿ ಬ್ರೇಕ್ ಹಿಡಿಕೆಯ ಮೇಲೆಯೇ ಬರೆದಿರುತ್ತದೆ. ಓದದೆ ತುಂಬಿಸಬಾರದು. ಡಿಸ್ಕ್ ತಟ್ಟೆಗೆ ಚೈನಿನ ಎಣ್ಣೆ ತಗುಲಿದರೂ ಬ್ರೇಕ್ ಹಿಡಿಯದು.

ಯಾವುದು ನಮ್ಮ ಕೆಲಸ, ಯಾವುದು ಅಲ್ಲ

ಫೋರ್ಕ್‌ನ ಕೆಳಭಾಗ ಬಿಚ್ಚಿ ಎಣ್ಣೆ, ಸೀಲ್ ಶುಚಿಗೊಳಿಸುವ ಕೆಲಸವನ್ನು 50 ಗಂಟೆ ಸವಾರಿಗೊಮ್ಮೆ ಮಾಡಬೇಕೆಂದು ರಾಕ್‌ಶಾಕ್ಸ್ ಕಂಪನಿ ಹೇಳುತ್ತದೆ. ಫಾಕ್ಸ್ ಕಂಪನಿ ಪೂರ್ಣ ಸರ್ವಿಸ್‌ಗೆ 125 ಗಂಟೆ ಎನ್ನುತ್ತದೆ. ದಿನಕ್ಕೊಂದು ಗಂಟೆ ತುಳಿಯುವವರಿಗೆ 50 ಗಂಟೆ ಎಂದರೆ ಎರಡು ತಿಂಗಳೊಳಗೆ. ಭಾನುವಾರ ಮಾತ್ರ ಮೂರು ಗಂಟೆ ತುಳಿಯುವವರಿಗೆ ನಾಲ್ಕು ತಿಂಗಳು. ಬೋಲ್ಟ್‌ಗಳನ್ನು ತಯಾರಕರು ಹೇಳಿದ ಬಿಗಿಗೆ ಕೂರಿಸುವ ಟಾರ್ಕ್ ರೆಂಚ್ ಇದ್ದರೆ ಕೀಲುಗಳ ಆರೈಕೆಯನ್ನು ಊರಿನ ಜಾಣ ಮೆಕ್ಯಾನಿಕ್ ಕೂಡ ಮಾಡಬಲ್ಲ.

ಆದರೆ ಗಾಳಿ ಶಾಕ್‌ನ ಒಳಭಾಗಕ್ಕೆ ಯಾರೂ ಕುತೂಹಲದಿಂದ ಕೈಹಾಕಬಾರದು. ಗಾಳಿ ಪೂರ್ತಿ ಬಿಡದೆ ತಿರುಪು ಬಿಚ್ಚಿದರೆ ಬಿಡಿಭಾಗ ಗುಂಡಿನಂತೆ ಸಿಡಿಯಬಲ್ಲದು. ಗಾಳಿ ಬಿಟ್ಟ ಮೇಲೂ ಶಾಕ್ ಕುಗ್ಗಿಯೇ ಉಳಿದಿದ್ದರೆ ಒಳಗೆ ಒತ್ತಡ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು. ಅದನ್ನು ಮುಟ್ಟದೆ ಮೈಸೂರು ಅಥವಾ ಬೆಂಗಳೂರಿನ ತರಬೇತಿ ಪಡೆದವರ ಕೈಗೆ ಒಪ್ಪಿಸುವುದೇ ಕ್ಷೇಮ. ಹಳೆಯ ಸೈಕಲ್ ಕೊಳ್ಳುವವರು ಈ ಸರ್ವಿಸ್ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ಎಲ್ಲಿ ಓಡಿಸಬಹುದು?

ಕೆಲವು ತಯಾರಕರು ಫ್ರೇಮಿನ ಮೇಲೆ 1ರಿಂದ 5ರವರೆಗಿನ ಒಂದು ಸಂಖ್ಯೆ ಅಂಟಿಸಿರುತ್ತಾರೆ. ಇದು ಎ.ಎಸ್.ಟಿ.ಎಂ. ಸಂಸ್ಥೆಯ ವರ್ಗೀಕರಣ. 1 ಎಂದರೆ ಡಾಂಬರು ರಸ್ತೆಗೆ ಮಾತ್ರ. 2 ಎಂದರೆ ಮಣ್ಣು ರಸ್ತೆ, 15 ಸೆಂ.ಮೀ.ವರೆಗಿನ ಇಳಿತ. 3 ಎಂದರೆ ಒರಟು ಕಾಲುದಾರಿ, 61 ಸೆಂ.ಮೀ.ವರೆಗಿನ ಇಳಿತ. ಶಾಕ್ ಎರಡಿದ್ದರೂ ನೆಗೆತಕ್ಕೆ ಯೋಗ್ಯವಲ್ಲ ಎಂದು ಕೈಪಿಡಿಯಲ್ಲಿ ಬರೆದಿದ್ದರೆ ಅದನ್ನು ನಂಬಬೇಕು. ಕಾಣುವ ಸ್ಪ್ರಿಂಗನ್ನು ನಂಬಬಾರದು.

ಇನ್ನು, 'ಮೌಂಟನ್ ಬೈಕ್' ಎಂದ ಮಾತ್ರಕ್ಕೆ ಕಾಡು ಅದಕ್ಕೆ ತೆರೆದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ತಾಲೂಕುಗಳಿಗೆ ಹೊಂದಿಕೊಂಡಿರುವ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಒಳಹೋಗುವುದು ಅಪರಾಧ. ಸದ್ದಿಲ್ಲದೆ ಸಾಗುವ ಸೈಕಲ್ ಸವಾರ ತಿರುವಿನಲ್ಲಿ ಆನೆಗೆ ಎದುರಾದರೆ ಯಾವ ಶಾಕ್ ಅಬ್ಸಾರ್ಬರ್ ಕೂಡ ನೆರವಿಗೆ ಬಾರದು. ಕಾಡಂಚಿನ ಹಳ್ಳಿಗಳಲ್ಲಿ ಮುಂಜಾನೆ, ಮುಸ್ಸಂಜೆಯ ಸವಾರಿ ತಪ್ಪಿಸುವುದು ಲೇಸು. ನಾಲಾ ಏರಿ, ಊರ ನಡುವಿನ ಗಾಡಿ ದಾರಿಗಳೇ ನಮ್ಮ ಸೈಕಲ್‌ಗಳಿಗೆ ತಕ್ಕ ಅಂಗಳ.

ಕಡೆಯದಾಗಿ ಒಂದು ಮಾತು. ಸ್ಕಾಟ್ಲೆಂಡಿನ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗ ಸೈಕಲ್‌ಗೆ ಸಿಕ್ಕ ಶಾಕ್ ಅಬ್ಸಾರ್ಬರ್ ಇಂದಿಗೂ ಎಲ್ಲಕ್ಕಿಂತ ಅಗ್ಗದ್ದು. ದಪ್ಪ ಟೈರಿನಲ್ಲಿ ಕಲ್ಲಿನಂತೆ ಗಾಳಿ ತುಂಬಿಸುವ ಬದಲು, ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೆ ತುಸು ಮೆದುವಾಗಿ ಇಟ್ಟುಕೊಂಡರೆ ಮಣ್ಣು ರಸ್ತೆಯ ಅರ್ಧ ಕುಲುಕಾಟ ಅಲ್ಲೇ ಅಡಗುತ್ತದೆ. ಮಗ ಡಬಲ್ ಶಾಕ್ ಕೇಳಿದಾಗ ಅಂಗಡಿಗೆ ಹೋಗುವ ಮುನ್ನ ಆತ ದಿನವೂ ಸಾಗುವ ದಾರಿಯನ್ನು ಅಪ್ಪ ಒಮ್ಮೆ ನೋಡಿಬರುವುದು ಒಳ್ಳೆಯದು. ಯಾವ ಸೈಕಲ್ ಬೇಕೆಂಬುದನ್ನು ಆ ದಾರಿಯೇ ಹೇಳುತ್ತದೆ.