ಕೆಲಸ ಮಾಡಿದ್ದು ಲೇಪವೋ, ಗಾಜೋ?

ಇಂಗಾಲದ ಡೈಆಕ್ಸೈಡನ್ನು ವಿದ್ಯುತ್ತಿನಿಂದ ಫಾರ್ಮಿಕ್ ಆಮ್ಲವಾಗಿ ಬದಲಿಸುವ ಪ್ರಯೋಗಗಳು ಹಲವು ದೇಶಗಳ ಲ್ಯಾಬುಗಳಲ್ಲಿ ನಡೆಯುತ್ತಿವೆ. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರು ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ಆಮ್ಲವೇ ಇದು. ಹೊಸ ವೇಗವರ್ಧಕವೊಂದನ್ನು ಪರೀಕ್ಷಿಸುವಾಗ ಅದನ್ನು ವಿದ್ಯುತ್ ಹರಿಯುವ ಯಾವುದಾದರೂ ತಳಪಾಯದ ಮೇಲೆ ಲೇಪಿಸಬೇಕು. ಹಲವರ ಕೈ ಹೋಗುವುದು ಎಫ್‌ಟಿಒ (ಫ್ಲೋರಿನ್ ಬೆರೆಸಿದ ತವರದ ಆಕ್ಸೈಡ್) ಗಾಜಿನ ಕಡೆಗೆ. ಈ ಗಾಜು ಸುಮ್ಮನೆ ಕೂರುವುದಿಲ್ಲ ಎಂಬುದೇ ಸಮಸ್ಯೆ.

ಗಾಜಿನ ಮೇಲೆ ಏನಿದೆ?

ಮಾಮೂಲಿ ಗಾಜಿನ ಮೇಲೆ ತವರದ ಡೈಆಕ್ಸೈಡಿನ ತೆಳು ಪದರ ಇರುತ್ತದೆ. ಅದರ ಹರಳಿನಲ್ಲಿ ಅಲ್ಲೊಂದು ಇಲ್ಲೊಂದು ಆಮ್ಲಜನಕದ ಜಾಗದಲ್ಲಿ ಫ್ಲೋರಿನ್ ಕೂತಿರುವುದರಿಂದ ಹೆಚ್ಚುವರಿ ಎಲೆಕ್ಟ್ರಾನುಗಳು ಓಡಾಡುತ್ತವೆ, ವಿದ್ಯುತ್ ಹರಿಯುತ್ತದೆ. ಬೆಳಕನ್ನು ತಡೆಯುವುದಿಲ್ಲ, ಗಾಳಿಯಲ್ಲಿ 400-500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೂ ಕೆಡುವುದಿಲ್ಲ. ಸೌರಕೋಶಗಳಲ್ಲಿ ಇದಕ್ಕೆ ಬೇಡಿಕೆ ಇರುವುದು ಅದಕ್ಕೇ. ಆನೋಡ್ ಆಗಿ ಬಳಸಿದರೂ ಚೆನ್ನಾಗಿ ಬಾಳುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಬದಲಾಗುವುದು ಕ್ಯಾಥೋಡಿನಲ್ಲಿ; ಕ್ಯಾಥೋಡ್ ಆಗಿ ಬಳಸಿದಾಗ ಕಥೆಯೇ ಬೇರೆ.

ಎಲ್ಲಿ ಕೆಡುತ್ತದೆ?

ಪ್ರಯೋಗದ ದ್ರಾವಣದಲ್ಲೇ ಇರುವ ಹೈಡ್ರೋಜನ್ ವಿದ್ಯುದ್ವಾರವನ್ನು ಸೊನ್ನೆ ಎಂದಿಟ್ಟುಕೊಳ್ಳೋಣ. ಸುಮಾರು −0.12 ವೋಲ್ಟಿಗಿಂತ ಕೆಳಗೆ ಇಳಿದರೆ ತವರದ ಡೈಆಕ್ಸೈಡ್ ಆಮ್ಲಜನಕ ಕಳೆದುಕೊಂಡು ಲೋಹದ ತವರವಾಗಬೇಕು ಎನ್ನುತ್ತದೆ ಉಷ್ಣಬಲವಿಜ್ಞಾನ. ತವರದ ಮೇಲೆ ಫಾರ್ಮೇಟ್ (ದ್ರಾವಣದಲ್ಲಿ ಫಾರ್ಮಿಕ್ ಆಮ್ಲದ ಅಯಾನು ರೂಪ) ಹೇಳಿಕೊಳ್ಳುವಷ್ಟು ಬರಲು −0.8 ವೋಲ್ಟಿನ ಆಸುಪಾಸಿಗೆ ಅಥವಾ ಇನ್ನೂ ಕೆಳಗೆ ಹೋಗಬೇಕು. ಅಂದರೆ ಪ್ರಯೋಗ ನಡೆಯುವುದೇ ಆಕ್ಸೈಡ್ ಉಳಿಯಬಾರದ ಜಾಗದಲ್ಲಿ. ಕ್ರಿಯೆ ನಿಧಾನವಾದ್ದರಿಂದ ಸ್ವಲ್ಪ ಆಕ್ಸೈಡ್ ಕೆಲಕಾಲ ಉಳಿದುಕೊಳ್ಳುತ್ತದೆ, ಅಷ್ಟೆ.

ಇಲ್ಲಿ ಇನ್ನೊಂದು ತೊಡಕಿದೆ. ತವರ ತಾನೇ ಫಾರ್ಮೇಟ್ ಕೊಡುವ ಲೋಹ. ಜಪಾನಿನ ಯೋಶಿಯೊ ಹೋರಿ 1980ರ ದಶಕದಲ್ಲೇ ಇದನ್ನು ತೋರಿಸಿದ್ದರು. ತವರದ ಮೇಲ್ಮೈಯ ಆಕ್ಸೈಡನ್ನು ತೆಗೆದುಹಾಕಿದರೆ ಬಹುಪಾಲು ಹೈಡ್ರೋಜನ್ನೇ ಬರುತ್ತದೆ ಎಂದು ಸಂಶೋಧಕರಾದ ಚೆನ್ ಮತ್ತು ಕನಾನ್ 2012ರಲ್ಲಿ ವರದಿ ಮಾಡಿದರು. ಹಾಗಾಗಿ ಅರ್ಧ ಲೋಹ, ಅರ್ಧ ಆಕ್ಸೈಡ್ ಆಗಿರುವ ಗಾಜು ಫಾರ್ಮೇಟ್ ತಯಾರಿಸಿ, ಅದರ ಹೆಸರೆಲ್ಲ ಮೇಲಿನ ಲೇಪಕ್ಕೆ ಹೋಗಬಹುದು.

ಒಂದು ಸಣ್ಣ ಲೆಕ್ಕ

ಪದರದ ದಪ್ಪ 500 ನ್ಯಾನೊಮೀಟರ್, ವಿಸ್ತೀರ್ಣ 1 ಚದರ ಸೆಂಟಿಮೀಟರ್ ಎನ್ನಿ. ಅದರಲ್ಲಿರುವ ಆಕ್ಸೈಡ್ ಸುಮಾರು 0.35 ಮಿಲಿಗ್ರಾಂ. ತವರದ ಒಂದೊಂದು ಪರಮಾಣುವಿಗೆ ನಾಲ್ಕು ಎಲೆಕ್ಟ್ರಾನಿನಂತೆ, ಪೂರ್ತಿ ಲೋಹವಾಗಲು ಬೇಕಾದ ವಿದ್ಯುದಾವೇಶ ಸುಮಾರು 0.9 ಕೂಲಂ. 1 ಮಿಲಿಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ 3.6 ಕೂಲಂ. ಅದರಲ್ಲಿ ಕಾಲು ಭಾಗ ಗಾಜಿನ ಕಡೆ ಸೋರಿದರೂ ಇಡೀ ಪದರ ಮುಗಿದಂತೆ. ಉತ್ಪನ್ನಗಳಿಗೆ ಹೋದ ಎಲೆಕ್ಟ್ರಾನುಗಳ ಲೆಕ್ಕ ನೂರಕ್ಕೆ ನೂರು ಹೊಂದದಿದ್ದರೆ, ಕಾಣೆಯಾದ ಎಲೆಕ್ಟ್ರಾನುಗಳನ್ನು ಮೊದಲು ಇಲ್ಲೇ ಹುಡುಕಬೇಕು.

ಪರೀಕ್ಷಿಸುವುದು ಹೇಗೆ?

ಮೊದಲು ಲೇಪವಿಲ್ಲದ ಗಾಜನ್ನೇ ಅದೇ ದ್ರಾವಣದಲ್ಲಿ, ಅದೇ ವೋಲ್ಟಿನಲ್ಲಿ, ಅಷ್ಟೇ ಹೊತ್ತು ಓಡಿಸಿ. ಫಾರ್ಮೇಟ್ ಬಂದರೆ ಅನುಮಾನಕ್ಕೆ ಕಾರಣವಿದೆ. ಹೊರತೆಗೆದ ಗಾಜನ್ನು ಬೆಳಕಿಗೆ ಹಿಡಿಯಿರಿ: ಕಂದು ಅಥವಾ ಬೂದು ಬಣ್ಣ ಬಂದಿದೆಯೇ? ನಾಲ್ಕು ಮೊನೆಯ ಉಪಕರಣದಿಂದ ಹಾಳೆರೋಧವನ್ನು (ಶೀಟ್ ರೆಸಿಸ್ಟೆನ್ಸ್) ಪ್ರಯೋಗಕ್ಕೆ ಮೊದಲೂ ನಂತರವೂ ಅಳೆದು ಹೋಲಿಸಿ. ಎಕ್ಸ್-ರೇ ವಿವರ್ತನೆಯಲ್ಲಿ, ತಾಮ್ರದ ಕಿರಣ ಬಳಸಿದರೆ, 30.6 ಮತ್ತು 32 ಡಿಗ್ರಿಯ ಹತ್ತಿರ ಹೊಸ ಶಿಖರಗಳು ಎದ್ದರೆ ಅದು ಲೋಹದ ತವರ.

ಒಂದು ಎಚ್ಚರಿಕೆ: ಗಾಳಿ ತಗುಲಿದೊಡನೆ ತವರದ ಮೇಲ್ಮೈ ಮತ್ತೆ ಆಕ್ಸೈಡ್ ಆಗುತ್ತದೆ. ಹೊರತೆಗೆದ ಮೇಲೆ ಮೇಲ್ಮೈಯನ್ನಷ್ಟೇ ನೋಡಿ ‘ಏನೂ ಆಗಿಲ್ಲ’ ಎನ್ನುವಂತಿಲ್ಲ. ಪ್ರಯೋಗ ನಡೆಯುತ್ತಿರುವಾಗಲೇ ತೆಗೆದ ರಾಮನ್ ರೋಹಿತ ಹೆಚ್ಚು ನಂಬಿಕೆಗೆ ಅರ್ಹ.

ಬೇರೆ ದಾರಿ?

ಐಟಿಒ (ತವರ ಬೆರೆಸಿದ ಇಂಡಿಯಮ್ ಆಕ್ಸೈಡ್) ಗಾಜಿಗೆ ಬದಲಾಯಿಸಿ ಪ್ರಯೋಜನವಿಲ್ಲ. ಅದರ ಇಂಡಿಯಮ್ ಆಕ್ಸೈಡೂ ಅಪಕರ್ಷಣಗೊಳ್ಳುತ್ತದೆ, ಇಂಡಿಯಮ್ ಲೋಹವೂ ಫಾರ್ಮೇಟ್ ಕೊಡುತ್ತದೆ. ಬೆಳಕು ಹಾಯುವುದು ಕಡ್ಡಾಯವಲ್ಲದಿದ್ದರೆ ಗಾಜಿನಂಥ ಇಂಗಾಲ ಅಥವಾ ಕಾರ್ಬನ್ ಪೇಪರ್ ವಾಸಿ. ಎಫ್‌ಟಿಒ ಬೇಕೇ ಬೇಕು ಎಂದಾದರೆ ಬರಿಗಾಜಿನ ಫಲಿತಾಂಶವನ್ನೂ ಲೇಪಿಸಿದ ಗಾಜಿನ ಫಲಿತಾಂಶವನ್ನೂ ಒಂದೇ ಕೋಷ್ಟಕದಲ್ಲಿ ಕೊಡಬೇಕು. ಲೇಪದ ಸಾಮರ್ಥ್ಯ ಎಂದು ಹೇಳಬಹುದಾದದ್ದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ.