ಟಿಸಿಗೆ ಹೆದರುತ್ತೇವೆ, ಬ್ಯಾಟರಿಗೆ?

ಅಥಣಿ, ರಾಯಬಾಗ, ಕಾಗವಾಡದ ಕಡೆ ಹೊಲದ ದಂಡೆಯಲ್ಲಿ ನಿಂತಿರುವ 100 ಕೆವಿಎ ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ಯಾರಿಗೂ ಪರಿಚಯಿಸಬೇಕಿಲ್ಲ. ಸುತ್ತಲಿನ ಹತ್ತಿಪ್ಪತ್ತು ಪಂಪ್‌ಸೆಟ್ಟುಗಳು ಅದರ ಮೇಲೆ ನಡೆಯುತ್ತವೆ. ಮಕ್ಕಳನ್ನು ಅತ್ತ ಸುಳಿಯಗೊಡುವುದಿಲ್ಲ. ಫ್ಯೂಸ್ ಹಾರಿದರೆ ಲೈನ್‌ಮನ್‌ಗೆ ಫೋನು ಹೋಗುತ್ತದೆ. ಈ ಟಿಸಿ ಪೂರ್ತಿ ಹೊರೆ ಹೊತ್ತಾಗ ಒಂದೊಂದು ಫೇಸಿನಲ್ಲಿ ಹರಿಯುವುದು 133 ಆಂಪಿಯರ್. ಅದರ ಬಾಯಲ್ಲೇ ತಂತಿಗೆ ತಂತಿ ತಗುಲಿ ಶಾರ್ಟ್ ಆದರೆ ಹೆಚ್ಚೂಕಡಿಮೆ 3,000 ಆಂಪಿಯರ್.

ಈಗ ಅದೇ ಹೊಲದಲ್ಲಿರುವ ಮನೆಯೊಳಗೆ ಬನ್ನಿ. ಜೋಳದ ಚೀಲದ ಪಕ್ಕದಲ್ಲಿ 12 ವೋಲ್ಟಿನ, 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಕೂತಿದೆ. ಮೇಲೆ ಸೋಲಾರ್ ಪ್ಯಾನೆಲ್, ಗೋಡೆಗೆ ಇನ್ವರ್ಟರ್. ಬ್ಯಾಟರಿಯ ಒಳಗಿನ ರೋಧ ಸುಮಾರು 4 ಮಿಲಿಓಮ್. 12.6 ವೋಲ್ಟನ್ನು 0.004ರಿಂದ ಭಾಗಿಸಿ: 3,150 ಆಂಪಿಯರ್. ಒಂದೇ ಒಂದು ಬ್ಯಾಟರಿ ಶಾರ್ಟ್ ಆದಾಗ ಉಗುಳುವ ಕರೆಂಟು, ಹೊಲದ ಟಿಸಿ ಶಾರ್ಟ್ ಆದಾಗ ಹರಿಯುವಷ್ಟೇ!

ವೋಲ್ಟೇಜು ಕಡಿಮೆ, ಆದ್ದರಿಂದ ಒಟ್ಟು ಶಕ್ತಿ ಟಿಸಿಯಷ್ಟಲ್ಲ, ನಿಜ. ಆದರೆ ಆ ಕಡಿಮೆ ವೋಲ್ಟೇಜೇ ನಮ್ಮ ಅಂಜಿಕೆ ಕಳೆದಿರುವುದು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಎರಡೂ ಟರ್ಮಿನಲ್ ಒಣಗಿದ ಬರಿಗೈಲಿ ಮುಟ್ಟಿದರೂ ಏನೂ ಅನ್ನಿಸುವುದಿಲ್ಲ. ಅದೇ ಟರ್ಮಿನಲ್ಲಿನ ನಟ್ಟು ಬಿಗಿಯುವಾಗ ಪಾನಾದ ಇನ್ನೊಂದು ತುದಿ ಮೈನಸ್ಸಿಗೆ ತಾಗಿತೆನ್ನಿ. ಶಾರ್ಟ್ ಆದ ಕ್ಷಣ ಹೊಮ್ಮುವ ಶಕ್ತಿ 40 ಕಿಲೋವ್ಯಾಟಿನ ಹತ್ತಿರ, ಅಂದರೆ ಸುಮಾರು 50 ಎಚ್‌ಪಿ. ಕಬ್ಬಿನ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಇಂಜಿನ್ನು ಕೊಡುವಷ್ಟು. ಅದರಲ್ಲಿ ಹೆಚ್ಚಿನ ಪಾಲು ಬ್ಯಾಟರಿಯ ಹೊಟ್ಟೆಯಲ್ಲಿ, ಉಳಿದದ್ದು ಪಾನಾ ತಾಗಿದ ಎರಡು ಚುಕ್ಕೆಗಳಲ್ಲಿ ಶಾಖವಾಗುತ್ತದೆ. ಟರ್ಮಿನಲ್ಲಿನ ಸೀಸ ಕರಗಲು 327 ಡಿಗ್ರಿ ಸಾಕು. ಪಾನಾ ಅಲ್ಲೇ ವೆಲ್ಡ್ ಆಗಿ ಅಂಟಿಕೊಳ್ಳುತ್ತದೆ. ಬೆರಳಲ್ಲಿ ಉಂಗುರವಿದ್ದು ಅದು ನಡುವೆ ಸಿಕ್ಕಿದರೆ ಏನಾಗುತ್ತದೆಂದು ಬರೆಯಲು ಮನಸ್ಸಿಲ್ಲ.

ಅಚ್ಚರಿಯೆಂದರೆ, ಚಾವಣಿಯ ಮೇಲಿನ ಪ್ಯಾನೆಲ್ ಇಂಥದ್ದೇನೂ ಮಾಡಲಾರದು. 540 ವ್ಯಾಟಿನ ಪ್ಯಾನೆಲ್ ಚೆನ್ನಾಗಿ ಬಿಸಿಲಿದ್ದಾಗ 13 ಆಂಪಿಯರ್ ಕೊಡುತ್ತದೆ. ಅದರ ಎರಡು ತಂತಿ ಸೇರಿಸಿ ಶಾರ್ಟ್ ಮಾಡಿದರೂ 14ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಿಸಿಲು ಕೊಟ್ಟಷ್ಟೇ ಅದರ ಮಿತಿ. ಬ್ಯಾಟರಿಗೆ ಆ ಮಿತಿಯಿಲ್ಲ. ದಿನವಿಡೀ ಹನಿಹನಿಯಾಗಿ ಕೂಡಿಟ್ಟ 1.8 ಯೂನಿಟ್ಟನ್ನು ಅದು ಒಮ್ಮೆಲೇ ಚೆಲ್ಲಲು ಸಿದ್ಧ. 1.8 ಯೂನಿಟ್ ಸಣ್ಣದೆನ್ನಿಸಿದರೆ ಹೀಗೆ ನೋಡಿ: 10 ಟನ್ ಕಬ್ಬನ್ನು 66 ಮೀಟರ್ ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಅದು. ವಿಜಯಪುರದ ಗೋಲಗುಮ್ಮಟದ ತಲೆಯ ಮೇಲಿಂದ ಟ್ರೇಲರ್ ದಾಟಿಸಿದಂತೆ.

ತಂತಿಯ ಮಾತಿಗೆ ಬರೋಣ. ತಂತಿಯ ಶಾಖ ಕರೆಂಟಿನ ವರ್ಗದಷ್ಟು ಏರುತ್ತದೆ. ಕರೆಂಟು ಹತ್ತು ಪಟ್ಟಾದರೆ ಶಾಖ ನೂರು ಪಟ್ಟು. 10 ಆಂಪಿಯರ್ ಹರಿಯುವ ಕಡೆ 3,000 ಹರಿದರೆ 90,000 ಪಟ್ಟು. ದೀಪಕ್ಕೆಂದು ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದೀರಿ, ಫ್ಯೂಸಿಲ್ಲ, ಇಲಿ ಕಡಿದು ಶಾರ್ಟ್ ಆಯಿತು ಎಂದುಕೊಳ್ಳಿ. ತಂತಿಯ ಉದ್ದ ಹೋಗಿಬಂದು ಒಂದು ಮೀಟರ್. ತಂತಿಯ ರೋಧವೂ ಸೇರಿ ಕರೆಂಟು 1,100 ಆಂಪಿಯರಿಗೆ ಇಳಿಯುತ್ತದೆ. ಅಷ್ಟಾದರೂ ಪಿವಿಸಿ ಹೊದಿಕೆ ತಡೆದುಕೊಳ್ಳಬಲ್ಲ 160 ಡಿಗ್ರಿ ಮುಟ್ಟಲು ಹಿಡಿಯುವುದು 0.07 ಸೆಕೆಂಡು. ರೆಪ್ಪೆ ಬಡಿದು ಮುಗಿಯುವುದರೊಳಗೆ ಹೊದಿಕೆ ಹೋಯಿತು. ಆಮೇಲೆ ಕೆಲವೇ ಸೆಕೆಂಡಿಗೆ ತಾಮ್ರ ಕೆಂಪಗಾಗುತ್ತದೆ. ನಮ್ಮ ಹೊಲದ ಮನೆಗಳ ಹಿಂದೆ ಏನಿರುತ್ತದೆ? ಕಬ್ಬಿನ ರವದಿ, ದನಕ್ಕೆ ಒಟ್ಟಿದ ಕಣಿಕೆ. ನಿಪ್ಪಾಣಿ ಸೀಮೆಯಲ್ಲಾದರೆ ಒಣಗಿದ ತಂಬಾಕು.

ಮೊದಲು ಇಷ್ಟು ಅಪಾಯವಿರಲಿಲ್ಲ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕರ್ನಾಟಕದ ಹಳ್ಳಿಮನೆಗಳಿಗೆ ಸೋಲಾರ್ ದೀಪ ಒಯ್ದ ಸೆಲ್ಕೋ ಸಂಸ್ಥೆ 1995ರಲ್ಲಿ ಹುಟ್ಟಿತು. ಅದರ ಸಹಸ್ಥಾಪಕ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಕಾಲದ ಕನಸು ಮನೆಗೆ ಕೆಲವು ದೀಪ. 9 ವ್ಯಾಟಿನ ನಾಲ್ಕು ದೀಪಕ್ಕೆ 12 ವೋಲ್ಟಿನಲ್ಲಿ ಬೇಕಾಗುವುದು ಬರೇ 3 ಆಂಪಿಯರ್. ಈಗ ಮಿಕ್ಸರ್, ಫ್ರಿಜ್ಜು, ಟಿವಿ ಎಲ್ಲ ಇನ್ವರ್ಟರಿಗೆ ಬಂದಿವೆ. 1,000 ವ್ಯಾಟ್ ಎಳೆದರೆ 230 ವೋಲ್ಟಿನ ಬದಿ 4.3 ಆಂಪಿಯರ್, ಬ್ಯಾಟರಿಯ ಬದಿ ಇನ್ವರ್ಟರಿನ ನಷ್ಟವೂ ಸೇರಿ ನೂರರ ಹತ್ತಿರ. ಅದಕ್ಕೆ ಶೇ 25 ಅಂತರ ಇಟ್ಟು 125 ಆಂಪಿಯರಿನ ಫ್ಯೂಸ್ ಹಾಕಬೇಕು, ಅಷ್ಟನ್ನು ಹೊರುವ ದಪ್ಪದ ಕೇಬಲ್ಲೂ ಬೇಕು. ಫ್ಯೂಸ್ ಕಾಯುವುದು ತಂತಿಯನ್ನು. ತಂತಿಗಿಂತ ದೊಡ್ಡ ಫ್ಯೂಸ್ ಇದ್ದೂ ಇಲ್ಲದಂತೆ.

ಫ್ಯೂಸಿನ ಮೇಲೆ ಇನ್ನೊಂದು ಸಂಖ್ಯೆ ಇರುತ್ತದೆ. ಅದನ್ನು ಅಂಗಡಿಯಲ್ಲಿ ಕೇಳುವವರೇ ಇಲ್ಲ. ಹಾರುವುದು ಎಷ್ಟಕ್ಕೆ ಎಂಬುದು ಒಂದು, ಹಾರಿದ ಮೇಲೆ ಎಷ್ಟು ಕರೆಂಟನ್ನು ಕಡಿದು ನಿಲ್ಲಿಸಬಲ್ಲದು ಎಂಬುದು ಇನ್ನೊಂದು. ವಾಹನಗಳ ಮೆಗಾ ಫ್ಯೂಸು 32 ವೋಲ್ಟಿನಲ್ಲಿ 2,000 ಆಂಪಿಯರ್ ಕಡಿಯುತ್ತದೆ. ನಮ್ಮ ಬ್ಯಾಟರಿ ಕೊಡುವುದು 3,150. ಒಳಗಿನ ಲೋಹ ಕರಗಿದರೂ ಆ ಸಂದಿಯಲ್ಲಿ ಕಿಡಿ ಹೊತ್ತಿಕೊಂಡು ಕರೆಂಟು ಹರಿಯುತ್ತಲೇ ಇರಬಹುದು, ಫ್ಯೂಸಿನ ಮೈ ಸಿಡಿಯಬಹುದು. ಎಎನ್‌ಎಲ್ ಎಂಬ ಜಾತಿಯದು ಅದೇ ವೋಲ್ಟಿನಲ್ಲಿ 6,000 ಕಡಿಯುತ್ತದೆ. ಕ್ಲಾಸ್ ಟಿ ಎಂಬುದು 20,000. ಈ ಕ್ಲಾಸ್ ಟಿ ಫ್ಯೂಸಿನೊಳಗೆ ಮರಳು ತುಂಬಿರುತ್ತದೆ. ಪಟ್ಟಿ ಕರಗಿ ಕಿಡಿ ಎದ್ದಾಗ ಆ ಮರಳೇ ಕರಗಿ ಗಾಜಾಗಿ ಕಿಡಿಯನ್ನು ಹೂತುಬಿಡುತ್ತದೆ.

ಮನೆಯ ಎಂಸಿಬಿ ಹಾಕಿದ್ದೇವಲ್ಲ ಎನ್ನುತ್ತಾರೆ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಕಿಡಿ ಆರಲು 100 ಅವಕಾಶ. ಬ್ಯಾಟರಿಯ ಡಿಸಿ ಒಮ್ಮೆಯೂ ಇಳಿಯುವುದಿಲ್ಲ. ಎಸಿಗೆ ಮಾಡಿದ ಎಂಸಿಬಿ ಬ್ಯಾಟರಿಯ ಮುಂದೆ ನಂಬಿಕೆಗೆ ಯೋಗ್ಯವಲ್ಲ. ಇನ್ನು ಹಾರಿದ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವ ಚಾಳಿ: 1 ಮಿಲಿಮೀಟರ್ ದಪ್ಪದ ಎಳೆ ಕರಗಬೇಕಾದರೆ 80 ಆಂಪಿಯರ್ ಹರಿಯಬೇಕು. ಅಷ್ಟರಲ್ಲಿ ಮುಂದಿನ ಸಣ್ಣ ತಂತಿಗಳು ಉಳಿದಿರುವುದಿಲ್ಲ.

ನಾಲ್ಕು ಬ್ಯಾಟರಿ ಪ್ಯಾರಲೆಲ್ ಕಟ್ಟಿದರೆ 12,000 ಆಂಪಿಯರ್ ದಾಟುತ್ತದೆ. ಒಂದರೊಳಗೆ ದೋಷ ಬಂದರೆ ಉಳಿದ ಮೂರೂ ಅದರೊಳಕ್ಕೆ ಸುರಿಯುತ್ತವೆ, ಹಾಗಾಗಿ ಪ್ರತಿಯೊಂದಕ್ಕೂ ಅದರದೇ ಫ್ಯೂಸ್ ಇರಲೇಬೇಕು. ಹೊಸ ಲಿಥಿಯಂ ಬ್ಯಾಂಕು ಇದಕ್ಕೂ ಮಿಗಿಲು: 16 ಸೆಲ್ಲಿನ 51.2 ವೋಲ್ಟಿನ ಬ್ಯಾಂಕಿಗೆ ಜೋಡಣೆಯೆಲ್ಲ ಸೇರಿ 5 ಮಿಲಿಓಮ್ ಹಿಡಿದರೂ 10,000 ಆಂಪಿಯರ್. ಅದನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟಿನೊಳಗಿನ ಸ್ವಿಚ್ಚುಗಳು ಕೆಟ್ಟಾಗ ಕೂಡಿಕೊಂಡೇ ಕೆಡಬಹುದು. ಅದಕ್ಕೇ ಬಿಎಂಎಸ್ ಇದ್ದರೂ ಫ್ಯೂಸ್ ಬಿಡುವಂತಿಲ್ಲ.

ಫ್ಯೂಸಿಗೂ ಕಾಣದ ಬೆಂಕಿ ಒಂದಿದೆ. ಸಡಿಲ ನಟ್ಟಿನಲ್ಲಿ 10 ಮಿಲಿಓಮ್ ರೋಧ ಬಂದರೆ, 100 ಆಂಪಿಯರ್ ಹರಿಯುವಾಗ ಆ ಒಂದು ಚುಕ್ಕೆಯಲ್ಲಿ 100 ವ್ಯಾಟ್ ಶಾಖ. ಕರೆಂಟು ಹೆಚ್ಚಾಗಿಲ್ಲ, ಫ್ಯೂಸ್ ಹಾರುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ ಉಕ್ಕಿದಾಗ ಚಿಕ್ಕೋಡಿಯಿಂದ ಅಥಣಿಯವರೆಗೆ ನದಿಬದಿಯ ಮನೆಗಳಿಗೆ ನೀರು ಹೊಕ್ಕಿತ್ತು. ಹಾಗೆ ಮುಳುಗಿ ಎದ್ದ ಬ್ಯಾಟರಿಯ ಟರ್ಮಿನಲ್ಲುಗಳಲ್ಲಿ ಕಿಲುಬು ಹಿಡಿದೂ ಇಂಥ ರೋಧ ಬರುತ್ತದೆ, ಅವನ್ನು ಬಿಚ್ಚಿ, ತಿಕ್ಕಿ, ಮತ್ತೆ ಬಿಗಿಯದೆ ಬಳಸಬಾರದು.

ಇವತ್ತೇ ಒಂದು ಕೆಲಸ ಮಾಡಿ. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕೆಂಪು ತಂತಿಯ ಮೇಲೆ ಕಣ್ಣಾಡಿಸಿ. ಅಮೆರಿಕದ ದೋಣಿಗಳ ನಿಯಮದಲ್ಲಿ ಬ್ಯಾಟರಿಯಿಂದ ಫ್ಯೂಸಿನ ದೂರ ಸಾಮಾನ್ಯವಾಗಿ ಹೆಚ್ಚೆಂದರೆ 7 ಇಂಚು, ಒಂದು ಗೇಣಿಗೂ ಕಡಿಮೆ. ನಿಮ್ಮಲ್ಲಿ ಗೇಣಿನೊಳಗೆ ಫ್ಯೂಸ್ ಸಿಗದಿದ್ದರೆ, ಸಿಕ್ಕರೂ ಅದರ ಮೇಲೆ ಡಿಸಿ ಎಂದೂ ಕಡಿಯುವ ಶಕ್ತಿ ಇಷ್ಟೆಂದೂ ಬರೆದಿರದಿದ್ದರೆ, ಇನ್ವರ್ಟರ್ ಕೂರಿಸಿದವರನ್ನು ಕರೆಸಿ ಹಾಕಿಸಿಕೊಳ್ಳಿ. ಅವರು ಪಾನಾ ಹಿಡಿಯುವ ಮುಂಚೆ ಉಂಗುರ ತೆಗೆಯಲು ಹೇಳಿ.